ಕ್ಯಾರಿಯರ್ ಮೇಲೆ ಕೂತವರು

ಡಬಲ್‌ರೈಡಿನಲ್ಲಿ ಸೈಕಲ್ ಬಿದ್ದರೆ ಪೆಟ್ಟಾಗುವುದು ತುಳಿಯುವವನಿಗೆ. ಕ್ಯಾರಿಯರ್ ಮೇಲೆ ಕೂತವನಿಗೆ ಏನೂ ಆಗುವುದಿಲ್ಲ. ಚಿಕ್ಕವನಿದ್ದಾಗ ಇದನ್ನು ನನ್ನ ಹಣೆಬರಹ ಅಂದುಕೊಂಡಿದ್ದೆ. ಕಾರಣ ನೋಡಿದರೆ ತೀರಾ ಸರಳ. ತುಳಿಯುವವನ ಕಾಲು ಪೆಡಲಿನ ಮೇಲೆ, ಕೈ ಹ್ಯಾಂಡಲಿನ ಮೇಲೆ, ತೊಡೆಗಳ ನಡುವೆ ಕಬ್ಬಿಣದ ಬಾರು. ಬೀಳುವ ಗಳಿಗೆಯಲ್ಲಿ ಸೈಕಲ್ಲು ಬಿಟ್ಟು ಓಡೋಣವೆಂದರೂ ಅವನಿಗೆ ದಾರಿಯಿಲ್ಲ. ಹಿಂದಿನವನ ಕಾಲು ನೆಲದಿಂದ ಗೇಣು ಮೇಲೆ ಜೋತಾಡುತ್ತಿರುತ್ತದೆ. ಅವನು ಸುಮ್ಮನೆ ಎದ್ದು ನಿಂತರೆ ಸಾಕು. ಸೈಕಲ್ಲು ಅವನ ಅಡಿಯಿಂದ ತಾನಾಗಿ ಜಾರಿ, ತುಳಿಯುವವನ ಸಮೇತ ಚರಂಡಿ ಸೇರುತ್ತದೆ.

ನಮ್ಮ ಚಿಕ್ಕಪ್ಪನ ಮಗ ಈ ಕಲೆಯಲ್ಲಿ ಪಳಗಿದವನು. ಬಾಡಿಗೆ ಸೈಕಲ್ಲಿನ ಕಾಸು ನನ್ನದು, ತುಳಿತ ನನ್ನದು, ಕಡಲೆಕಾಯಿ ಅವನದು. ಜೊತೆಗೆ ಸಲಹೆಗಳೂ ಅವನವೇ. "ಎಡಕ್ಕೆ ತಗೋ, ಬೆಲ್ ಹೊಡಿ, ಏರು ಬಂತು ಎದ್ದುನಿಂತು ತುಳಿ." ಕೆರೆ ಏರಿಯಿಂದ ಇಳಿಯುವಾಗ ಒಮ್ಮೆ ಚೈನು ಕಳಚಿ, ಬ್ರೇಕೂ ಕೈಕೊಟ್ಟು, ನಾವು ತಿಪ್ಪೆಯೊಳಗೆ ಬಿದ್ದೆವು. ನಾವು ಎನ್ನುವುದನ್ನು ವ್ಯಾಕರಣ ಒಪ್ಪಬಹುದು, ತಿಪ್ಪೆ ಒಪ್ಪುವುದಿಲ್ಲ. ಬಿದ್ದವನು ನಾನೊಬ್ಬನೇ. ಅವನು ದಡದಲ್ಲಿ ನಿಂತು ಕೈಯಲ್ಲಿದ್ದ ಸಿಪ್ಪೆ ಒದರಿ, "ಚೈನ್ ಸಡಿಲ ಇದೆ ಅಂತ ನನಗೆ ಆಗಲೇ ಅನ್ನಿಸಿತ್ತು ಕಣೋ" ಅಂದ. ಬೆಂಡಾದ ಪೆಡಲಿಗೆ ಅಂಗಡಿಯವನು ದುಡ್ಡು ವಸೂಲು ಮಾಡಿದ್ದೂ ನನ್ನಿಂದಲೇ. ಈಗ ಆ ಚಿಕ್ಕಪ್ಪನ ಮಗ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸ್ಟ್ರ್ಯಾಟೆಜಿ ವಿಭಾಗದ ಮುಖ್ಯಸ್ಥ. ಮನೆಯವರಿಗೆಲ್ಲ ಆಶ್ಚರ್ಯ. ನನಗಿಲ್ಲ.

ನಾನೂ ಸಾಫ್ಟ್‌ವೇರ್ ಸೇರಿದೆ, ಆದರೆ ತುಳಿಯುವ ಕಡೆಗೆ. ಸೈಕಲ್ಲನ್ನೂ ಬಿಡಲಿಲ್ಲ. ಬೆಂಗಳೂರಿನಲ್ಲಿ ಬೀಳುವವರಿಗೆ ಸೌಲಭ್ಯ ಬಹಳ. ಮಳೆನೀರಿನ ಮೋರಿಗೆ ಹಾಸಿದ ಕಬ್ಬಿಣದ ಸರಳುಗಳು ರಸ್ತೆಯ ಉದ್ದಕ್ಕೇ ಇರುತ್ತವೆ. ಎರಡು ಸರಳಿನ ನಡುವಿನ ಸಂದು ಸೈಕಲ್ ಟೈರಿಗೆ ಅಳತೆ ತೆಗೆದು ಮಾಡಿಸಿದಷ್ಟೇ ಅಗಲ. ನಿಂತ ಕಾರಿನ ಬಾಗಿಲು ಯಾವಾಗ ತೆರೆಯುತ್ತದೆಂದು ಕಾರಿನವನಿಗೂ ಗೊತ್ತಿರುವುದಿಲ್ಲ. ನಾಯಿಗಳಿಗೆ ಬೈಕಿನವರ ಮೇಲೆ ಇಲ್ಲದ ಆಸಕ್ತಿ ನಮ್ಮ ಮೇಲೆ. ಇಷ್ಟನ್ನೂ ದಾಟಿ ಆಫೀಸು ಮುಟ್ಟಿದರೆ ಗೇಟಿನಲ್ಲಿ ಸೆಕ್ಯುರಿಟಿಯವರು ರಿಜಿಸ್ಟರು ಮುಂದೆ ಹಿಡಿದು, "ಗಾಡಿ ನಂಬರ್ ಬರೀರಿ ಸಾರ್" ಅನ್ನುತ್ತಿದ್ದರು. ಸೈಕಲ್ಲಿಗೆ ನಂಬರಿಲ್ಲ ಎಂದರೆ, ನಂಬರಿಲ್ಲದ ಗಾಡಿ ಒಳಗೆ ಬಿಡುವ ಹಾಗಿಲ್ಲ. ಗಾಡಿಯೇ ಅಲ್ಲ ಅಂದುಕೊಳ್ಳಿ ಎಂದರೆ, ಗಾಡಿಯಲ್ಲದ್ದನ್ನು ಪಾರ್ಕಿಂಗಿನಲ್ಲಿ ನಿಲ್ಲಿಸುವ ಹಾಗಿಲ್ಲ. ಕೊನೆಗೆ ನನ್ನ ಮೊಬೈಲ್ ನಂಬರು ಬರೆದು ಇಬ್ಬರೂ ಸಮಾಧಾನಪಟ್ಟುಕೊಂಡೆವು.

ಅದೇ ಆಫೀಸಿನಲ್ಲಿ ಜೂನ್ 3 ಬಂತು. ವಿಶ್ವಸಂಸ್ಥೆ 2018ರಲ್ಲಿ ಆ ದಿನವನ್ನು ವಿಶ್ವ ಸೈಕಲ್ ದಿನ ಎಂದು ಸಾರಿದೆ. ನಮ್ಮ ದೊಡ್ಡ ಸಾಹೇಬರ ಸೈಕಲ್ಲು ಎಸ್‌ಯುವಿಯ ಬೆನ್ನೇರಿ ಬಂತು. ಗೇಟಿನಿಂದ ಲಾಬಿಯವರೆಗೆ ಅವರು ತುಳಿದರು, ಫೋಟೋ ಆಯಿತು, ಸೈಕಲ್ಲು ಮತ್ತೆ ಎಸ್‌ಯುವಿ ಏರಿತು. ಅದರ ನಂಬರನ್ನು ಯಾರೂ ಕೇಳಲಿಲ್ಲ.

ನಾನು ಹೊರಟಿದ್ದು ಓಪನ್ ಸೋರ್ಸ್ ಬಗ್ಗೆ ಹೇಳಲು. ಸೈಕಲ್ಲಿನಲ್ಲೇ ಉಳಿದುಬಿಟ್ಟೆ ಅಂದುಕೊಳ್ಳಬೇಡಿ, ಆಗಲೇ ಅರ್ಧ ದಾರಿ ಬಂದಿದ್ದೇವೆ. ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ. ಬ್ಯಾಂಕು, ರೈಲ್ವೆ ಟಿಕೆಟ್ಟು, ನಿಮ್ಮ ಫೋನು, ಎಲ್ಲದರ ಹೊಟ್ಟೆಯೊಳಗೂ ಅದು ಇದೆ. ಅದನ್ನು ತುಳಿಯುತ್ತಿರುವವರು ಎಷ್ಟೋ ಸಲ ಒಬ್ಬರೋ ಇಬ್ಬರೋ. ಕ್ಯಾರಿಯರ್ ಮೇಲೆ ಕೂತ ಕಂಪನಿಗಳ ಸಾಲು ಮಾತ್ರ ಹಿಂದಿನ ಸರ್ಕಲ್ಲಿನ ತನಕ ಇದೆ.

ಓಪನ್‌ಎಸ್‌ಎಸ್‌ಎಲ್ ಕಥೆ ನೋಡಿ. ಬ್ರೌಸರಿನಲ್ಲಿ ಬೀಗದ ಚಿತ್ರ ಕಾಣುತ್ತಿತ್ತಲ್ಲ, ಆ ಬೀಗದ ಕೆಲಸವನ್ನು ಜಗತ್ತಿನ ಸರ್ವರುಗಳ ಬಹುಪಾಲು ಈ ತಂತ್ರಾಂಶದ ಕೈಗೆ ಕೊಟ್ಟಿತ್ತು. 2014ರ ಏಪ್ರಿಲಿನಲ್ಲಿ ಅದರೊಳಗೆ ಹಾರ್ಟ್‌ಬ್ಲೀಡ್ ಎಂಬ ತೂತು ಬಯಲಾಯಿತು. ಪಾಸ್‌ವರ್ಡು, ಕೀಲಿ, ಏನು ಬೇಕಾದರೂ ಅದರಿಂದ ಸೋರಬಹುದಿತ್ತು. ದೊಡ್ಡ ದೊಡ್ಡ ಕಂಪನಿಗಳು ಎದ್ದುನಿಂತು ಬಟ್ಟೆ ಒದರಿಕೊಂಡು, ಈ ಸೈಕಲ್ಲನ್ನು ತುಳಿಯುತ್ತಿದ್ದವರು ಯಾರು ಎಂದು ಮೊದಲ ಬಾರಿಗೆ ತಿರುಗಿ ನೋಡಿದವು. ಪೂರ್ಣಾವಧಿಗೆ ಅದರ ಮೇಲೆ ಕೆಲಸ ಮಾಡುತ್ತಿದ್ದವರು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರು. ನಮ್ಮ ಕಡೆ ಗಣೇಶನ ಪೆಂಡಾಲಿಗೆ ಇದಕ್ಕಿಂತ ಹೆಚ್ಚು ಕೂಡುತ್ತದೆ. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಅಮೆಜಾನ್ ಮೊದಲಾದವು ಆಗ ಲಿನಕ್ಸ್ ಫೌಂಡೇಷನ್ ಮೂಲಕ ತಲಾ ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಒಪ್ಪಿದವು. ಮಂಡಿ ತರಚಿದ ಮೇಲಾದರೂ ಟಿಂಚರ್ ಬಂತಲ್ಲ ಎಂದು ನಾನು ಇದನ್ನು ಮೆಚ್ಚುವವನೇ.

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರದು ಇನ್ನೂ ಸೊಗಸಾದ ಸಂಗತಿ. ಅವರು 1998ರಿಂದ ಕರ್ಲ್ ಎಂಬ ಪುಟ್ಟ ಸಾಧನವನ್ನು ಸಲಹಿಕೊಂಡು ಬಂದಿದ್ದಾರೆ. ಇಂಟರ್ನೆಟ್ಟಿನಲ್ಲಿ ಅಲ್ಲಿಂದಿಲ್ಲಿಗೆ ದತ್ತಾಂಶ ಸಾಗಿಸುವುದು ಅದರ ಕಸುಬು. ಫೋನು, ಟಿವಿ, ಕಾರು, ಎಲ್ಲದರಲ್ಲೂ ಅದಿದೆ. ಕಾರಿನ ಪರದೆಯಲ್ಲಿ ಲೈಸೆನ್ಸ್ ಪುಟ ತೆರೆದರೆ ಅವರ ಹೆಸರು, ಈಮೇಲು ಕಾಣುತ್ತವೆ. ಹೀಗಾಗಿ ಕಾರಿನ ಹಾಡು ನಿಂತುಹೋದವರು, ಮ್ಯಾಪು ಕೆಟ್ಟವರು ನೇರವಾಗಿ ಅವರಿಗೇ ಬರೆಯುತ್ತಾರೆ. ಪಾಪ, ಆ ಕಾರನ್ನು ಅವರು ನೋಡಿರುವುದೂ ಇಲ್ಲ. 2022ರ ಜನವರಿಯಲ್ಲಿ ಅಮೆರಿಕದ ಬಹುದೊಡ್ಡ ಕಂಪನಿಯೊಂದು, ಲಾಗ್‌ಫೋರ್‌ಜೆ ಎಂಬ ಬೇರೆಯೇ ತಂತ್ರಾಂಶದ ತೂತಿನ ಬಗ್ಗೆ ಪ್ರಶ್ನೆಗಳ ಪಟ್ಟಿ ಕಳಿಸಿ, 24 ಗಂಟೆಯೊಳಗೆ ಉತ್ತರ ಕೊಡಿ ಎಂದು ಅವರಿಗೆ ತಾಕೀತು ಮಾಡಿತು. ಅವರು ಆ ಕಂಪನಿಯ ನೌಕರರಲ್ಲ, ಅದರಿಂದ ಬಿಡಿಗಾಸು ಪಡೆದವರಲ್ಲ. ಕ್ಯಾರಿಯರ್ ಮೇಲಿಂದ "ಎಡಕ್ಕೆ ತಗೋ" ಅನ್ನುವ ದನಿ ನನಗಂತೂ ಚೆನ್ನಾಗಿ ಗೊತ್ತು. ಸ್ಟೆನ್‌ಬರ್ಗ್ ಬೈಯಲಿಲ್ಲ. ಸಪೋರ್ಟ್ ಕರಾರಿಗೆ ಸಹಿ ಹಾಕಿದರೆ ಸಂತೋಷದಿಂದ ಎಲ್ಲಕ್ಕೂ ಉತ್ತರಿಸುತ್ತೇನೆ ಎಂದು ಬರೆದರು. ಇಂಥ ಉತ್ತರ ನನಗೆ ಕೆರೆ ಏರಿಯ ಮೇಲೆ ಹೊಳೆದಿದ್ದರೆ ಬಾಲ್ಯದಲ್ಲಿ ಒಂದಿಷ್ಟು ಕಡಲೆಕಾಯಿಯಾದರೂ ಸಿಗುತ್ತಿತ್ತು.

ಸೈಕಲ್ಲನ್ನೇ ಓಪನ್ ಸೋರ್ಸ್ ಮಾಡಲು ಹೊರಟವರೂ ಇದ್ದರು. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೊವೊ ಎಂಬ ತುಂಟ ಗುಂಪು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ತುಳಿಯಲಿ ಎಂದು ಬೀದಿಯಲ್ಲಿಟ್ಟಿತು. ಬೀಗವಿಲ್ಲದ ಸೈಕಲ್ಲು ಕಾನೂನಿಗೆ ವಿರುದ್ಧ ಎಂದು ಪೊಲೀಸರು ಎತ್ತಿಕೊಂಡು ಹೋದರು. ಗುಂಪಿನವರು ಮರುಮಾತಾಡದೆ ನಂಬರಿನ ಬೀಗ ಹಾಕಿದರು, ಬೀಗ ತೆರೆಯುವ ನಂಬರನ್ನು ಸೈಕಲ್ಲಿನ ಮೇಲೇ ಬರೆದರು. ಮುಕ್ತ ತಂತ್ರಾಂಶದ ಲೈಸೆನ್ಸನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ. ಮುಂದೆ 2017ರಲ್ಲಿ ಅದೇ ಊರಿನ ಬೀದಿಗಳಲ್ಲಿ ಕಂಪನಿಗಳ ಆ್ಯಪ್ ಸೈಕಲ್ಲುಗಳು ಕಂಡಕಂಡಲ್ಲಿ ತುಂಬಿ, ಫುಟ್‌ಪಾತೆಲ್ಲ ಅವುಗಳ ಪಾಲಾಗಿ, ಪಾಲಿಕೆಯೇ ಎತ್ತಿಸಬೇಕಾಯಿತು. ಸೈಕಲ್ಲು ಹಂಚಿಕೊಳ್ಳುವುದು ಎರಡು ಕಾಲದಲ್ಲೂ ಒಂದೇ. ಲೆಕ್ಕದ ಪುಸ್ತಕ ಯಾರ ಕೈಲಿತ್ತು ಎನ್ನುವುದಷ್ಟೇ ಬೇರೆ.

ಕಂಪನಿಗಳ ಪ್ರೀತಿಯೂ ವಿಚಿತ್ರ. ಲಿನಕ್ಸ್ ಎಂಬ ಓಪನ್ ಸೋರ್ಸ್ ಕಾರ್ಯಾಚರಣೆ ವ್ಯವಸ್ಥೆ ಒಂದು ಕ್ಯಾನ್ಸರ್ ಎಂದು 2001ರಲ್ಲಿ ಮೈಕ್ರೋಸಾಫ್ಟಿನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್ ಹೇಳಿದ್ದರು. ಅದೇ ವರ್ಷ ಐಬಿಎಂ ಲಿನಕ್ಸ್ ಮೇಲಿನ ತನ್ನ ಮೋಹವನ್ನು ಸಾರಲು ಸ್ಯಾನ್‌ಫ್ರಾನ್ಸಿಸ್ಕೋದ ಫುಟ್‌ಪಾತುಗಳ ಮೇಲೆ ಶಾಂತಿಯ ಗುರುತು, ಹೃದಯ, ಪೆಂಗ್ವಿನ್ ಬರೆಸಿ ದಂಡ ತೆತ್ತಿತು. 2014ಕ್ಕೆ ಬಂದರೆ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಮೈಕ್ರೋಸಾಫ್ಟಿನ ಮುಖ್ಯಸ್ಥರಾಗಿ ಲಿನಕ್ಸ್ ಹೆಸರಿನ ಪಕ್ಕ ತಾವೂ ಹೃದಯದ ಚಿತ್ರ ತೋರಿಸಿದರು. 2018ರಲ್ಲಿ ಓಪನ್ ಸೋರ್ಸಿನವರ ಸಂತೆಪೇಟೆಯಾದ ಗಿಟ್‌ಹಬ್ಬನ್ನೇ ಆ ಕಂಪನಿ 750 ಕೋಟಿ ಡಾಲರಿಗೆ ಕೊಂಡಿತು. ಆ ಸಂತೆಗೆ ಬುನಾದಿಯಾದ, ಕೋಡಿನ ತಿದ್ದುಪಡಿಗಳ ಲೆಕ್ಕವಿಡುವ ಗಿಟ್ ಹುಟ್ಟಿದ್ದಾದರೂ ಹೇಗೆ? ಲಿನಕ್ಸ್ ಬರೆಯುವವರು ಬಿಟ್‌ಕೀಪರ್ ಎಂಬ, ಕಂಪನಿಯೊಂದರ ಸಾಧನವನ್ನು ಆ ಲೆಕ್ಕಕ್ಕೆ ಪುಕ್ಕಟೆಯಾಗಿ ಬಳಸುತ್ತಿದ್ದರು. ಒಬ್ಬರು ಅದರ ಒಳಗನ್ನು ಕೆದಕಿದರೆಂದು 2005ರಲ್ಲಿ ಕಂಪನಿ ಆ ಪುಕ್ಕಟೆ ಲೈಸೆನ್ಸನ್ನು ಕಿತ್ತುಕೊಂಡಿತು. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ ತಿಂಗಳ ಮೊದಲ ದಿನಗಳಲ್ಲಿ ಕೂತು ಗಿಟ್ ಬರೆಯತೊಡಗಿದರು, ಕೆಲವೇ ದಿನಗಳಲ್ಲಿ ಅದು ಓಡಿತು. ಈಗ ಆಫೀಸಿನಲ್ಲಿ ನಾವೆಲ್ಲ ಅದನ್ನೇ ಬಳಸುತ್ತೇವೆ, ತಿಂಗಳ ಕೊನೆಗೆ ಅದನ್ನೇ ಬೈಯುತ್ತೇವೆ.

ಇಷ್ಟು ಹೇಳಿ ಕಂಪನಿಗಳನ್ನೆಲ್ಲ ಚರಂಡಿಗೆ ನೂಕಿದರೆ ನ್ಯಾಯವಾಗುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಇವತ್ತು ಬರುವ ಕೋಡಿನ ಬಹುಪಾಲನ್ನು ಬರೆಯುವವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳ ಸಂಬಳದಾರರು. 2024ರ ಮಾರ್ಚಿನಲ್ಲಿ ಎಕ್ಸ್‌ಝೆಡ್ ಎಂಬ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್, ಮೈಕ್ರೋಸಾಫ್ಟಿನ ನೌಕರ. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ಅರ್ಧ ಸೆಕೆಂಡು! ನಮ್ಮಲ್ಲಿ ಅರ್ಧ ಗಂಟೆ ತಡವಾದರೂ ಚಹಾ ಕುಡಿದು ಬರುತ್ತೇವೆ. ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ದಣಿದಿದ್ದರು. "ನೀನು ಸುಸ್ತಾಗಿದ್ದೀಯ, ಹ್ಯಾಂಡಲ್ ನನಗೆ ಕೊಡು" ಎಂಬ ಧಾಟಿಯಲ್ಲಿ ಅಪರಿಚಿತನೊಬ್ಬ ವರ್ಷಗಟ್ಟಲೆ ವಿಶ್ವಾಸ ಗಳಿಸಿಕೊಂಡೇ ಈ ಕೆಲಸ ಮಾಡಿದ್ದ. ಸಂಬಳ ಕೊಡದೆ ಒಬ್ಬನನ್ನೇ ಏರು ಹತ್ತಿಸಿದರೆ ಹ್ಯಾಂಡಲ್ಲು ಇನ್ಯಾರದೋ ಕೈಗೆ ಹೋಗುತ್ತದೆ.

ಕನ್ನಡದ ಲೆಕ್ಕವೂ ಇದೆ. ಆಂಡ್ರಾಯ್ಡ್ ಫೋನಿನಲ್ಲಿ 'ರಾಷ್ಟ್ರ', 'ಸ್ತ್ರೀ' ಎಂದು ಒತ್ತು, ದೀರ್ಘ ಎಲ್ಲ ತಂತಮ್ಮ ಜಾಗದಲ್ಲಿ ಕೂರುವುದು ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ತಂತ್ರಾಂಶದಿಂದ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದಿದೆ. ಅದನ್ನು ಬೆಳೆಸಿದ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಮೊದಲು ರೆಡ್ ಹ್ಯಾಟ್, ಆಮೇಲೆ ಗೂಗಲ್ ಸಂಬಳದಲ್ಲಿದ್ದವರು. ಲೋಹಿತ್ ಕನ್ನಡ ಫಾಂಟನ್ನು ಮುಕ್ತವಾಗಿ ಬಿಟ್ಟದ್ದು ರೆಡ್ ಹ್ಯಾಟ್, ನೋಟೊ ಕನ್ನಡ ಗೂಗಲ್‌ನದು. ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಪರದೆಯ ತುಂಬ ಚುಕ್ಕಿವೃತ್ತಗಳು ಕುಣಿಯುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಇಲ್ಲಿ ಕ್ಯಾರಿಯರಿನವರು ಏರಿನಲ್ಲಿ ಇಳಿದು ನೂಕಿದ್ದಾರೆ, ಒಪ್ಪಿಕೊಳ್ಳಲೇಬೇಕು.

ಆದರೆ ನಮ್ಮಂಥ ಮಧ್ಯಮ ಗಾತ್ರದ ಕಂಪನಿಗಳು ಇಳಿಯುವುದೇ ಇಲ್ಲ. ಸೈಕಲ್ ದಿನದ ಹುರುಪಿನಲ್ಲಿ ನಮ್ಮಲ್ಲಿ ಓಪನ್ ಸೋರ್ಸ್ ದಿನವೂ ನಡೆಯಿತು. ಟೀಶರ್ಟು, ಕಪ್‌ಕೇಕು, ಭಾಷಣ ಎಲ್ಲ ಆದ ಮೇಲೆ, ನಮ್ಮ ಇಡೀ ವ್ಯಾಪಾರವೇ ನಿಂತಿರುವ ಒಂದು ಓಪನ್ ಸೋರ್ಸ್ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಸ್ವಲ್ಪ ಹಣ ಕಳಿಸೋಣವೇ ಎಂದು ಕೇಳಿದೆ. ಎಲ್ಲರೂ ಒಪ್ಪಿದರು. ಅರ್ಜಿ ಫೈನಾನ್ಸ್ ವಿಭಾಗಕ್ಕೆ ಹೋಯಿತು. ಅಲ್ಲಿಂದ ಬಂದ ಪ್ರಶ್ನೆಗಳು ಇವು: ಅವರ ವೆಂಡರ್ ಕೋಡ್ ಏನು? ಜಿಎಸ್‌ಟಿ ನಂಬರ್ ಎಲ್ಲಿ? ಇನ್ನಿಬ್ಬರ ಕೊಟೇಷನ್ ಯಾಕೆ ಹಚ್ಚಿಲ್ಲ? ಕ್ಯಾನ್ಸಲ್ಡ್ ಚೆಕ್ ಬೇಕು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು: ಈಗ ಪುಕ್ಕಟೆಯಾಗಿ ಸಿಗುತ್ತಿದೆಯಲ್ಲ, ದುಡ್ಡು ಯಾಕೆ? ಗೇಟಿನಲ್ಲಿ ಸೈಕಲ್ಲಿಗೆ ನಂಬರು ಕೇಳುವವರ ಅಣ್ಣತಮ್ಮಂದಿರು ಮೂರನೇ ಮಹಡಿಯಲ್ಲೂ ಇದ್ದಾರೆಂದು ಅವತ್ತು ತಿಳಿಯಿತು.

ಮನಸ್ಸಿದ್ದರೆ ಆಗದ ಕೆಲಸವೇನಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ತೆರೆದಿದೆ. ಎಲ್ಲರೂ ಅಷ್ಟು ಕೊಡಬೇಕಿಲ್ಲ. ಓದುಗರಲ್ಲಿ ಯಾರಾದರೂ ಕಂಪನಿಯ ಫೈನಾನ್ಸ್ ವಿಭಾಗದಲ್ಲಿದ್ದರೆ ಒಂದು ವಿನಂತಿ: ನಿಮ್ಮ ವೆಂಡರ್ ಫಾರಮ್ಮಿನಲ್ಲಿ ಜಿಎಸ್‌ಟಿ ನಂಬರಿನ ಎದುರು 'ಅನ್ವಯಿಸುವುದಿಲ್ಲ' ಎಂಬ ಒಂದು ಚೌಕ ಸೇರಿಸಿಬಿಡಿ. ನನ್ನ ಅರ್ಜಿ ಇನ್ನೂ ಮೂರನೇ ಮಹಡಿಯಲ್ಲೇ ಇದೆ.