ರೇಟು ಕೇಳಿದ ತಪ್ಪಿಗೆ

ಓಟಿಪಿ ಬರುವಷ್ಟರಲ್ಲಿ ಟಿಕೆಟ್ ದರ ಏರಿರುತ್ತದೆ. ‘ಕ್ಷಮಿಸಿ, ನೀವು ಆರಿಸಿದ ವಿಮಾನದ ದರ ಬದಲಾಗಿದೆ, ಮುಂದುವರಿಯುವಿರಾ?’ ಎಂದು ಮೊಬೈಲು ವಿನಯವಾಗಿ ಕೇಳುತ್ತದೆ. ಮುಂದುವರಿಯದೆ ಇನ್ನೇನು ಮಾಡುವುದು? ಮನೆಮಂದಿಯ ಹೆಸರು, ವಯಸ್ಸು ತುಂಬಿಸಿಯಾಗಿದೆ. ಕಾರ್ಡಿನ ಬೆನ್ನ ಮೇಲಿನ ಮೂರಂಕಿಯನ್ನೂ ಒಪ್ಪಿಸಿಯಾಗಿದೆ. ಈಗ ಹಿಂದೆ ಸರಿದರೆ ಇನ್ನೂ ಏರೀತು ಎಂಬ ಭಯ ಬೇರೆ. ಆ ಭಯವೇ ಅವರ ಬಂಡವಾಳ.

ಗಾಂಧಿಬಜಾರಿನಲ್ಲಿ ಟೊಮೆಟೊ ಮಾರುವಾಕೆ ಕಿಲೋಗೆ 40 ಎಂದು ತೂಗಿ, ನೀವು ಜೇಬಿಗೆ ಕೈ ಹಾಕಿದಾಗ 55 ಎನ್ನಲಿ ನೋಡೋಣ. ಬೀದಿ ಜಗಳವಾಗುತ್ತದೆ. ಅದನ್ನೇ ವಿಮಾನ ಕಂಪನಿ ಮಾಡಿದರೆ ‘ಡೈನಾಮಿಕ್ ಪ್ರೈಸಿಂಗ್’. ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಅದರ ಮೇಲೆ ಪಾಠ, ಪರೀಕ್ಷೆ, ಚಿನ್ನದ ಪದಕ.

ಒಳಗಿನ ಲೆಕ್ಕ ಇಷ್ಟೆ. ಒಂದೇ ವಿಮಾನ, ಒಂದೇ ಎಕಾನಮಿ ಕ್ಲಾಸು, ಮೊಣಕಾಲು ಮಡಚಲಾಗದ ಒಂದೇ ಥರದ ಸೀಟು. ಆದರೆ ಆ ಸೀಟುಗಳನ್ನು ಹತ್ತಾರು ದರಗಳ ಗುಂಪುಗಳಾಗಿ ಹಂಚಿ, ಪ್ರತಿ ಗುಂಪಿಗೂ ಒಂದೊಂದು ಇಂಗ್ಲಿಷ್ ಅಕ್ಷರ ಅಂಟಿಸಿರುತ್ತಾರೆ. ಅಗ್ಗದ ಗುಂಪಿನಲ್ಲಿ ಕೆಲವೇ ಸೀಟು. ಅದು ಮುಗಿದರೆ ಮೇಲಿನದು. ಎಷ್ಟು ಸೀಟು, ಯಾವ ದರಕ್ಕೆ? ಅದನ್ನು ಮಾತ್ರ ಕೇಳಬಾರದು.

ಇದರಲ್ಲೊಂದು ಸೊಗಸಾದ ಕೈಚಳಕವಿದೆ. 4,000 ರೂಪಾಯಿಯ ಗುಂಪಿನಲ್ಲಿ ಎರಡು ಸೀಟು ಉಳಿದಿವೆ, ಅದರ ಮೇಲಿನ ದರ 5,500 ಎಂದಿಟ್ಟುಕೊಳ್ಳಿ. ನೀವು ನಾಲ್ಕು ಜನರಿಗೆ ಹುಡುಕುತ್ತೀರಿ. ಇಬ್ಬರಿಗೆ 4,000, ಇನ್ನಿಬ್ಬರಿಗೆ 5,500 ಎಂದು ಯಂತ್ರ ಹೇಳಬೇಕಲ್ಲವೇ? ಹೇಳುವುದಿಲ್ಲ. ಸಾಮಾನ್ಯವಾಗಿ ನಾಲ್ವರಿಗೂ 5,500 ಹಾಕಿ 22,000 ಕೇಳುತ್ತದೆ. ಇಬ್ಬಿಬ್ಬರಂತೆ ಹುಡುಕಿದ್ದರೆ 19,000ಕ್ಕೆ ಮುಗಿಯುತ್ತಿತ್ತು. ಸಂಸಾರ ಸಮೇತ ಹೊರಟ ತಪ್ಪಿಗೆ 3,000 ದಂಡ. ಕೃತಕ ಬುದ್ಧಿಮತ್ತೆಯ ಯುಗವಂತೆ ಇದು. ಎರಡು ಮತ್ತು ಎರಡನ್ನು ಬೇರೆಬೇರೆಯಾಗಿ ಕೂಡಲು ಮಾತ್ರ ಅದಕ್ಕೆ ಬರುವುದಿಲ್ಲ.

ಮೊದಲೇ ಕೊಂಡವನಿಗೆ ಅಗ್ಗ, ಕೊನೆಗೆ ಬಂದವನಿಗೆ ದುಬಾರಿ ಎಂಬ ನ್ಯಾಯಕ್ಕೆ ನನ್ನ ತಕರಾರಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿಗೂ ಕೆಲವು ಟಿಕೆಟ್ ಮಾರಿದ್ದು ಇದೇ ಲೆಕ್ಕದಲ್ಲಿ. ಅದರಿಂದಾಗಿ ಎಷ್ಟೋ ಮಂದಿ ಮೊದಲ ಸಲ ವಿಮಾನ ಹತ್ತಿದರು. ಆದರೆ ಈಗ ಅಳೆಯುತ್ತಿರುವುದು ನೀವು ಎಷ್ಟು ಮೊದಲು ಬಂದಿರಿ ಎಂಬುದನ್ನಲ್ಲ, ಎಷ್ಟು ಸಿಕ್ಕಿಬಿದ್ದಿದ್ದೀರಿ ಎಂಬುದನ್ನು.

ಊರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದವನು ನಾಳೆ ಬೆಳಗಿನ ವಿಮಾನ ಹುಡುಕುತ್ತಾನೆ. ಅವನಿಗೆ ಸಿಗುವುದು ಎಲ್ಲಕ್ಕಿಂತ ಮೇಲಿನ ದರ. ಅಪ್ಪ ಮೂರು ವಾರ ಮೊದಲೇ ತಿಳಿಸಿ ಸಾಯಬೇಕಿತ್ತು. ಪ್ಲಾನಿಂಗ್ ಇಲ್ಲದ ಜನ.

ದೀಪಾವಳಿಗೆ ಬೆಂಗಳೂರಿನಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಹೊರಟು ನೋಡಿ. ರೈಲಿನಲ್ಲಿ ವೇಟಿಂಗ್ ಲಿಸ್ಟು. ಖಾಸಗಿ ಬಸ್ಸಿನವರು ದರ ಏರಿಸಿದರೆ ಸಾರಿಗೆ ಸಚಿವರು ಪರ್ಮಿಟ್ ರದ್ದು ಎಂದು ಗುಡುಗುತ್ತಾರೆ. ತಾಸಿನ ದಾರಿಗೆ ವಿಮಾನ ಅದರ ಮೂರು ನಾಲ್ಕು ಪಟ್ಟು ಕಿತ್ತರೂ ಯಾರೂ ಗುಡುಗುವುದಿಲ್ಲ. ಬಸ್ಸಿನವನು ಮಾಡಿದರೆ ಸುಲಿಗೆ, ವಿಮಾನದವನು ಮಾಡಿದರೆ ಬೇಡಿಕೆ ಮತ್ತು ಪೂರೈಕೆ. ಇನ್ನು ಕರಾವಳಿಯವರನ್ನು ಕೇಳಿ. ಗಲ್ಫ್‌ನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಮಂಗಳೂರಿನ ಟಿಕೆಟ್ ಗಗನಕ್ಕೇರುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವ ದಿನ ಅಪ್ಪ ಅಮ್ಮನಿಗೆ ಮರೆತರೂ ಕಂಪನಿಯ ಕಂಪ್ಯೂಟರಿಗೆ ಮರೆಯುವುದಿಲ್ಲ.

ದರ ಒಪ್ಪಿಕೊಂಡರೂ ಮುಗಿಯಿತೇ? ಕಿಟಕಿ ಸೀಟಿಗೆ ಬೇರೆ, ನಡುವಿನ ಸೀಟಿಗೂ ಬೇರೆ. ಕೊನೆಗೆ ‘ಕನ್ವೀನಿಯೆನ್ಸ್ ಫೀ’. ಹುಡುಕಿದ್ದು ನಾನು, ಟೈಪ್ ಮಾಡಿದ್ದು ನಾನು, ಪ್ರಿಂಟ್ ತೆಗೆಯುವುದೂ ನಾನೇ. ಕೂಲಿ ಅವರಿಗೆ. ಅದೂ ತಲೆಗಿಷ್ಟು ಎಂದು.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮೋಸಗಳ ಪಟ್ಟಿಯನ್ನೇ ಹೊರಡಿಸಿತು. ಹದಿಮೂರು ಬಗೆ. ತೋರಿಸಿದ್ದೊಂದು ದರ, ಕಿತ್ತಿದ್ದೊಂದು ದರ ಎಂಬುದಕ್ಕೆ ಅವರೇ ಕೊಟ್ಟ ಉದಾಹರಣೆ ವಿಮಾನದ ಟಿಕೆಟ್ಟು. ವಿಮೆ ಬೇಡವೆಂದವನ ಬಾಯಲ್ಲಿ ‘ನಾನು ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂದು ಹೇಳಿಸುವುದಕ್ಕೆ ಕೊಟ್ಟ ಉದಾಹರಣೆಯೂ ವಿಮಾನದ ಟಿಕೆಟ್ಟೇ. ರೋಗ ಪತ್ತೆಯಾಗಿದೆ, ರೋಗಿಯ ವಿಳಾಸವೂ ಸಿಕ್ಕಿದೆ. ಔಷಧಿ ಕೊಡುವವರು ಮಾತ್ರ ಮೀಟಿಂಗಿನಲ್ಲಿದ್ದಾರೆ.

ಕಾನೂನೂ ಇದೆ. 1937ರ ವಿಮಾನ ನಿಯಮಗಳ 135ನೇ ನಿಯಮದ ಪ್ರಕಾರ ಖರ್ಚು, ಸೇವೆ, ಸಮಂಜಸವಾದ ಲಾಭ, ಚಾಲ್ತಿಯಲ್ಲಿರುವ ದರ ಇವನ್ನೆಲ್ಲ ನೋಡಿ ಟಿಕೆಟ್ ದರ ಕಟ್ಟಬೇಕು. ದರ ಅತಿಯಾಯಿತು ಅನ್ನಿಸಿದರೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿರ್ದೇಶನ ಕೊಡಬಹುದು. ದರದ ಮೇಲೆ ಕಣ್ಣಿಡಲು ಅಲ್ಲೊಂದು ವಿಭಾಗವೇ ಇದೆ. ಕಣ್ಣಿಟ್ಟಿದೆ. ನಾವೂ ಇಟ್ಟಿದ್ದೇವೆ. ದರ ನಮ್ಮಿಬ್ಬರ ಕಣ್ಣೆದುರೇ ಏರುತ್ತಿದೆ.

ವಿಮಾನಯಾನ ಸಚಿವರನ್ನು ಕೇಳಿದರೆ ಹಳೆಯ ಪಲ್ಲವಿ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ದರ ನಿಗದಿ ಸರ್ಕಾರದ ಕೆಲಸವಲ್ಲ, ಮಾರುಕಟ್ಟೆ ನೋಡಿಕೊಳ್ಳುತ್ತದೆ. ಯಾವ ಮಾರುಕಟ್ಟೆ? ದೇಶದೊಳಗಿನ ನೂರು ಪ್ರಯಾಣಿಕರಲ್ಲಿ 60ಕ್ಕೂ ಹೆಚ್ಚು ಮಂದಿಯನ್ನು ಒಂದೇ ಕಂಪನಿ ಹೊರುತ್ತದೆ. ಉಳಿದವರಲ್ಲಿ ಬಹುಪಾಲು ಇನ್ನೊಂದು ಗುಂಪಿನ ಪಾಲು. ಎರಡೇ ಅಂಗಡಿಯ ಸಂತೆಯಲ್ಲಿ ಚೌಕಾಸಿ ಮಾಡಿ ಬದುಕಿಕೊಳ್ಳಿ ಎನ್ನುತ್ತಿದ್ದಾರೆ.

ಮಾರುಕಟ್ಟೆಯ ಮೇಲೆ ಅಷ್ಟು ಭಕ್ತಿಯಿದ್ದರೆ 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ ದರಕ್ಕೆ ಮಿತಿ ಹಾಕಿದ್ದು ಯಾರು? ಇದೇ ಸರ್ಕಾರ. ಆಗ ಗರಿಷ್ಠ ದರ ಮಾತ್ರವಲ್ಲ, ಕನಿಷ್ಠ ದರವನ್ನೂ ಕಟ್ಟಿದ್ದರು. ಅಂದರೆ ಟಿಕೆಟ್ ತೀರಾ ಅಗ್ಗವಾಗದಂತೆ ಕಾಯುವ ಕೆಲಸವೂ ಸರ್ಕಾರಕ್ಕೆ ಬರುತ್ತದೆ. 2025ರ ಡಿಸೆಂಬರಿನಲ್ಲಿ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಉಳಿದವುಗಳ ದರ ಹುಚ್ಚೆದ್ದಾಗ ಮತ್ತೆ ಮಿತಿ ಬಂತು. 500 ಕಿ.ಮೀ.ವರೆಗೆ 7,500 ರೂಪಾಯಿ, 1,500 ಕಿ.ಮೀ. ದಾಟಿದರೆ 18,000. ಆದೇಶ ಹೊರಡಿಸಲು ಹೊಸ ಕಾಯ್ದೆ ಬೇಕಾಗಲಿಲ್ಲ, ಸಮಿತಿ ಬೇಕಾಗಲಿಲ್ಲ. ಟಿವಿ ಕ್ಯಾಮೆರಾ ವಿಮಾನ ನಿಲ್ದಾಣಕ್ಕೆ ಬಂದದ್ದೇ ಸಾಕಾಯಿತು. ಅದೇ ತಿಂಗಳು ಲೋಕಸಭೆಯಲ್ಲಿ ಸಚಿವರು ವರ್ಷವಿಡೀ ಮಿತಿ ಹಾಕುವುದು ಕಾರ್ಯಸಾಧ್ಯವಲ್ಲ ಎಂದರು. ಸರಿ, ನಮ್ಮ ಸಂಕಟಗಳನ್ನು ಮುಂದೆ ಸಾಮೂಹಿಕವಾಗಿ, ಕ್ಯಾಮೆರಾ ಮುಂದೆಯೇ ಇಟ್ಟುಕೊಳ್ಳೋಣ.

ಸರ್ಕಾರ ಗದರುವುದಾದರೂ ಯಾವ ಬಾಯಲ್ಲಿ? 2016ರ ಸೆಪ್ಟೆಂಬರಿನಿಂದ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ ಅದರದ್ದೇ ಫ್ಲೆಕ್ಸಿ ದರ ನಡೆದಿದೆ. ಪ್ರತಿ ಹತ್ತು ಶೇಕಡಾ ಸೀಟು ಭರ್ತಿಯಾದಂತೆ ದರವೂ ಹತ್ತು ಶೇಕಡಾ ಮೇಲೆ. ಅಲ್ಲಿ 1.4 ಪಟ್ಟಿಗೆ ನಿಲ್ಲುತ್ತದೆ ಎಂಬುದಷ್ಟೇ ಪುಣ್ಯ. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಎಂದು 2017ರಲ್ಲಿ ಉಡಾನ್ ಯೋಜನೆಗೆ ಚಾಲನೆ ಕೊಟ್ಟದ್ದೂ ಇದೇ ಸರ್ಕಾರ. ಹಬ್ಬದ ವಾರ ಅವನು ಚಪ್ಪಲಿ ಸವೆಸಿಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ಸು ಹುಡುಕುತ್ತಿದ್ದಾನೆ.

ದರ ಏರಲಿ, ಇಳಿಯಲಿ. ಯಾವ ದರಕ್ಕೆ ಎಷ್ಟು ಸೀಟು ಉಳಿದಿವೆ ಎಂಬುದನ್ನು ತೆರೆಯ ಮೇಲೆ ಹಾಕಿ. ಒಮ್ಮೆ ತೋರಿಸಿದ ದರವನ್ನು ಹಣ ಕಟ್ಟುವವರೆಗೆ ಹದಿನೈದು ನಿಮಿಷ ಹಿಡಿದಿಡಿ. ಸಿನಿಮಾ ಟಿಕೆಟ್ ಮಾರುವವರಿಗೆ ಆಗುವುದು ಇವರಿಗೆ ಏಕಾಗದು? ಆಗುತ್ತದೆ. ಬೇಕಿಲ್ಲ.

ಅಲ್ಲಿಯವರೆಗೆ ನಿಮ್ಮ ಕೈಲಾದದ್ದು ಮಾಡಿ. ಗುಂಪಾಗಿ ಹೊರಟರೆ ಒಬ್ಬರಿಗೆಷ್ಟು, ಇಬ್ಬರಿಗೆಷ್ಟು ಎಂದು ಮೊದಲು ನೋಡಿ. ರದ್ದು ಮಾಡಿದಾಗ ‘ನಾನ್ ರಿಫಂಡೆಬಲ್’ ಎಂಬ ಮಾತಿಗೆ ಹೆದರಬೇಡಿ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ವಾಪಸು ಕೊಡಲೇಬೇಕು ಎಂದು ಡಿಜಿಸಿಎ ನಿಯಮವಿದೆ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದು ನಿಮ್ಮ ದುಡ್ಡು. ಕೇಳಿ ಪಡೆಯಿರಿ.