ಬುಡ ಹೇಳುವ ಚಾಡಿ

ಪ್ಯಾರಿಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶ್ಯೂಲರ್ 1907ರಲ್ಲಿ ಕೃತಕ ಕೂದಲ ಬಣ್ಣ ಸಿದ್ಧಪಡಿಸಿದರೆ, ಮರುವರ್ಷ ನೀಲಗಿರಿಯ ರೈಲು ಕೂನೂರಿನಿಂದ ಕೆತ್ತಿಯನ್ನು ಹಾದು ಉದಕಮಂಡಲ ಸೇರಿತು. ಒಂದು ಮನುಷ್ಯರ ತಲೆಯನ್ನೇರಿತು, ಇನ್ನೊಂದು ಬೆಟ್ಟದ ತಲೆಯನ್ನು. ಸಹಜ ಕೂದಲಿನ ಕಪ್ಪು, ಒಳಪದರದಲ್ಲಿ ನೆಲೆಸಿರುವ ಮೆಲನಿನ್ ಎಂಬ ವರ್ಣದ್ರವ್ಯದ್ದು. ಹಚ್ಚಿದ ಕಪ್ಪಾದರೋ, ಹೆಂಚಿನಂತೆ ಒಂದರ ಮೇಲೊಂದು ಕೂತ ಹೊರಪೊರೆಯ ಪರೆಗಳನ್ನು ಅಮೋನಿಯ ಎಬ್ಬಿಸಿದಾಗ ಒಳನುಗ್ಗಿ ಬಿಡಾರ ಹೂಡಿದ ಬಾಡಿಗೆದಾರ. ಎದ್ದ ಹೆಂಚು ಮೊದಲಿನಷ್ಟು ಬಿಗಿಯಾಗಿ ಕೂರದ ಕಾರಣ ಇಂಥ ಕೂದಲು ತೇವವನ್ನು ಬೇಗ ಹೀರುತ್ತದೆ. ಆ ರೈಲು ಹಾದುಹೋಗುವ ಕೆತ್ತಿ ಕಣಿವೆಗೋ, ತೇವ ತರುವ ಮಂಜಿನ ಬರವೇನೂ ಇಲ್ಲ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆದು ಚಾಡಿ ಹೇಳುವ ನರೆತ ಬುಡವನ್ನು ಚಳಿಯ ನೆಪದ ಉಣ್ಣೆ ಟೋಪಿ ಮುಚ್ಚುತ್ತದೆ. ಬಿಳಿ ರುಮಾಲು ಸುತ್ತುವ ನೀಲಗಿರಿಯ ಬಡಗ ಸಮುದಾಯದ ಹಿರಿಯರಿಗಂತೂ ಈ ಲೆಕ್ಕದ ಗೊಡವೆಯೇ ಇಲ್ಲ.