ಕೊಳೆಮೀಮಾಂಸೆ: ಬಚ್ಚಲಿನಲ್ಲಿ ದ್ವೈತಾದ್ವೈತ ವಿಚಾರ

ಈ ಪ್ರಬಂಧದ ವ್ಯಾಪ್ತಿ ಅಡುಗೆಕಟ್ಟೆಯಿಂದ ಬಚ್ಚಲ ಮೋರಿಯವರೆಗೆ. ಅದರಾಚೆಯ ಚರಂಡಿ ನಗರಪಾಲಿಕೆಗೆ ಸೇರಿದ್ದರಿಂದ ಅಲ್ಲಿ ಶುಚಿತ್ವದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಕೊಳೆ ನಿತ್ಯವೋ ಅನಿತ್ಯವೋ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿರಬಹುದು. ಪಾತ್ರೆ ತೊಳೆಯುವವರಿಗೆ ಆ ಸಂಶಯವಿಲ್ಲ: ನಿತ್ಯ, ಅದೂ ದಿನಕ್ಕೆರಡು ಸಲ.

ಮೊದಲು ಪೂರ್ವಪಕ್ಷ. ಇವರು ಫಿನೈಲ್, ಬ್ಲೀಚಿಂಗ್ ಪುಡಿ, ಆಸಿಡ್ ಎಂಬ ಮೂರು ಮತಗಳವರು. ಕಣ್ಣು ಉರಿದು, ಮೂಗಿನಲ್ಲಿ ನೀರಿಳಿದು, ಅಂಗೈ ಸಿಪ್ಪೆ ಎದ್ದರಷ್ಟೇ ಮನೆ ಶುದ್ಧವಾಯಿತೆಂದು ಒಪ್ಪುತ್ತಾರೆ. ಪ್ರತ್ಯಕ್ಷ ಪ್ರಮಾಣವನ್ನು ಇಷ್ಟು ನೆಚ್ಚಿದವರು ಚಾರ್ವಾಕರ ನಂತರ ಇವರೇ.

ಇದನ್ನು ಖಂಡಿಸುವ ಅಜ್ಜಿ ಪಂಥದ್ದು ಕಟ್ಟಾ ದ್ವೈತ. ಹುಳಿ ಬೇರೆ, ಕ್ಷಾರ ಬೇರೆ, ಭೇದವೇ ಸತ್ಯ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು, ಏಕೆಂದರೆ ಅದರ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಜಿಡ್ಡು ಹಿಡಿದ ಬಾಣಲೆಗೆ ಒಲೆಬೂದಿ, ಏಕೆಂದರೆ ಅದರ ಪೊಟ್ಯಾಸಿಯಂ ಕಾರ್ಬೊನೇಟ್ ಎಣ್ಣೆಯನ್ನು ಅಲ್ಲಲ್ಲೇ ಒಂದಿಷ್ಟು ಸೋಪು ಮಾಡಿಬಿಡುತ್ತದೆ. ರೇಷ್ಮೆ ಸೀರೆಗೂ ಬಂಗಾರದ ಸರಕ್ಕೂ ಅಂಟುವಾಳ. ಅದು ಯಾವ ಜಗಳಕ್ಕೂ ಇಳಿಯದೆ ಸಪೋನಿನ್ ನೊರೆಯಲ್ಲೇ ಕೆಲಸ ಮುಗಿಸುತ್ತದೆ. ‘ಅಜ್ಜಿ ಹುಣಸೆಗೆ ಬೂದಿ ಬೆರೆಸಿಯೂ ಉಜ್ಜುತ್ತಿದ್ದಳಲ್ಲ, ಭೇದವಾದ ಎಲ್ಲಿ ಉಳಿಯಿತು?’ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಸಮಾಧಾನ ಹೀಗೆ: ಅಲ್ಲಿ ಬೂದಿ ಬಂದದ್ದು ಕ್ಷಾರವಾಗಿ ಅಲ್ಲ, ಮರಳಾಗಿ. ಅಲ್ಯೂಮಿನಿಯಂ ದಬರಿಗೆ ವಾಷಿಂಗ್ ಸೋಡಾ ಹಚ್ಚಿ ಕಪ್ಪು ಮಾಡಿದ ಸೊಸೆಗೆ ಅಜ್ಜಿ ನುಡಿದ ಭಾಷ್ಯ ಮಾತ್ರ ಮುದ್ರಣಯೋಗ್ಯವಲ್ಲ.

ಇತ್ತೀಚೆಗೆ ತಲೆಯೆತ್ತಿರುವುದು ನವ್ಯ ಅದ್ವೈತ. ಇವರು ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿಯುತ್ತಾರೆ. ಭುಸ್ಸೆಂದು ನೊರೆ ಏಳುತ್ತದೆ, ನೋಡಿದವರಿಗೆ ಸಾಕ್ಷಾತ್ಕಾರವಾಗುತ್ತದೆ. ಅಷ್ಟರಲ್ಲಿ ಆಮ್ಲ ಕ್ಷಾರಗಳೆರಡೂ ಒಂದರಲ್ಲೊಂದು ಲಯವಾಗಿ, ಇಂಗಾಲದ ಡೈಆಕ್ಸೈಡ್ ಕಿಟಕಿಯಿಂದ ಮೋಕ್ಷ ಪಡೆದು, ತಳದಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಹುಳಿಯೂ ಇಲ್ಲ, ಕ್ಷಾರವೂ ಇಲ್ಲ, ಅಪ್ಪಟ ನಿರ್ಗುಣ. ಕೊಳೆ ಮಾತ್ರ ಸಗುಣ ಸಾಕಾರವಾಗಿ ಅಲ್ಲೇ ಕೂತಿರುತ್ತದೆ. ಗುಳ್ಳೆಗಳು ಮೋರಿಯ ಕಸವನ್ನು ಅಲುಗಿಸುತ್ತವೆಂಬ ಉಪಭಾಷ್ಯವೊಂದಿದೆ. ಕಡ್ಡಿ ಹಾಕಿದರೂ ಅಲುಗುತ್ತದೆ.

ಈ ಸಮನ್ವಯ ಬುದ್ಧಿಯನ್ನು ಬ್ಲೀಚಿನ ಮೇಲೆ ತೋರಿಸಕೂಡದು. ವಿನೆಗರ್, ನಿಂಬೆರಸ, ಆಸಿಡ್ ಯಾವುದು ಬೆರೆತರೂ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಅದನ್ನೇ. ಪ್ರಬಂಧಕಾರರು ಈ ಪ್ಯಾರಾದಲ್ಲಿ ತಮಾಷೆ ಮಾಡುತ್ತಿಲ್ಲ.

ಇನ್ನು ಬಯೋಎಂಜೈಮ್ ಎಂಬ ತಪೋಮಾರ್ಗ. 1 ಪಾಲು ಬೆಲ್ಲ, 3 ಪಾಲು ನಿಂಬೆ ಕಿತ್ತಳೆ ಸಿಪ್ಪೆ, 10 ಪಾಲು ನೀರು, 3 ತಿಂಗಳ ಅಜ್ಞಾತವಾಸ. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸದಿದ್ದರೆ ಒಳಗಿನ ಅನಿಲ ತಾನೇ ಹೊರಬರುವ ದಾರಿ ಹುಡುಕಿಕೊಳ್ಳುತ್ತದೆ, ಹಾಗೂ ಆಮೇಲೆ ಚಾವಣಿಯನ್ನು ಒರೆಸಲು ಬೇರೆ ದ್ರಾವಣ ಬೇಕಾಗುತ್ತದೆ. ಕೊನೆಗೆ ಕೈಗೆ ಬರುವುದು, ಸ್ಥೂಲವಾಗಿ ಹೇಳಿದರೆ, ಸುವಾಸನೆಯ ಹುಳಿನೀರು. ನೀರು ಬೆರೆಸಿಕೊಂಡರೆ ಟೈಲ್ಸಿಗೆ ಚೆನ್ನ. ಅಮೃತಶಿಲೆಗೋ ಹಳೆಯ ಮೊಸಾಯಿಕ್ ನೆಲಕ್ಕೋ ಸುರಿದರೆ ಅವುಗಳ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಹೊಳಪು ಹೊರಟುಹೋಗುತ್ತದೆ. ಕೊಳೆಯ ಬದಲು ನೆಲವನ್ನೇ ತೆಗೆಯುವ ಈ ವಿಧಾನ ತಾತ್ವಿಕವಾಗಿ ನಿರ್ದುಷ್ಟ.

ಇನ್ನುಳಿದದ್ದು ಅಧಿಕಾರಿ ನಿರ್ಣಯ, ಅಂದರೆ ಈ ಶಾಸ್ತ್ರವನ್ನು ಯಾರು ಆಚರಿಸಬೇಕೆಂಬುದು. ಸಿಪ್ಪೆ ಕೂಡಿಡುವವರು, ಬಾಟಲಿಗೆ ಲೇಬಲ್ ಅಂಟಿಸುವವರು, ಫೋಟೊ ತೆಗೆದು ವಾಟ್ಸ್ಆ್ಯಪಿಗೆ ಹಾಕುವವರು ಹೇರಳವಾಗಿದ್ದಾರೆ. ಉಜ್ಜುವವರ ಬಗ್ಗೆ ಮೂರೂ ದರ್ಶನಗಳು ಮೌನ. ನಮ್ಮ ಕ್ಷೇತ್ರಕಾರ್ಯದಲ್ಲಿ ಬೆಳಗ್ಗೆ ಬರುವ ಕೆಲಸದಾಕೆಯ ಮುಂದೆ ಹುಣಸೆ, ಅಂಟುವಾಳ, ಎಂಜೈಮುಗಳನ್ನು ಸಾಲಾಗಿಟ್ಟು ಅಭಿಪ್ರಾಯ ಕೇಳಲಾಯಿತು. ಆಕೆ ಸೆರಗು ಸಿಕ್ಕಿಸಿಕೊಂಡು ಎಲ್ಲವನ್ನೂ ಒಮ್ಮೆ ನೋಡಿ ಅಂದಳು: “ಇರ್ಲಿ ಅಕ್ಕ, ಇವೆಲ್ಲ ಪಕ್ಕಕ್ಕಿಡಿ. ಸಬೀನಾ ಪುಡಿ ಎಲ್ಲಿಟ್ಟಿದ್ದೀರಿ?”